ಚಿನಿವಾರನ ಗುರುತು

ಊಟದ ಡಬ್ಬಿ ತೆರೆಯುವ ಮೊದಲು ಫೋನು ತೆರೆದದ್ದೇ ಗುಮಾನಪ್ಪ ಮಾಡಿದ ತಪ್ಪು. ಡಬ್ಬಿ ತೆರೆದಿದ್ದರೆ ಅವತ್ತಿನ ಮಧ್ಯಾಹ್ನದ ಊಟವಾದರೂ ಅವನ ಪಾಲಿಗೆ ದಕ್ಕುತ್ತಿತ್ತು.

ಅವನ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ವಿಮಾ ಕಂಪನಿಯೊಂದರಲ್ಲಿ, ಪರಿಹಾರ ಕೇಳಿಕೊಂಡು ಬಂದ ಅರ್ಜಿಗಳನ್ನು ಪರೀಕ್ಷಿಸುವುದು ಅವನ ಕೆಲಸ. ಕಾರಿನ ಗಾಜು ಒಡೆಯಿತೆಂದು ಯಾರಾದರೂ ಬರೆದರೆ, ಕಲ್ಲು ಹೊಡೆದವನು ಕಾರಿನವನ ಷಡ್ಡಕನೇ ಇರಬೇಕು ಎಂದು ಅವನಿಗೆ ಅನ್ನಿಸುತ್ತಿತ್ತು. ಗುಮಾನಪ್ಪ ಎಂಬ ಹೆಸರನ್ನು ಇಟ್ಟವರು ಆಫೀಸಿನವರು. ಅದು ಕ್ರಮೇಣ ಮೆಟ್ಟಿಲಿಳಿದು, ಬೀದಿ ದಾಟಿ, ಮನೆಗೂ ಬಂದು ಸೇರಿತ್ತು.

ಪಾಪ, ಹುಟ್ಟಿದಾಗಿನಿಂದ ಅವನೇನು ಹಾಗಿರಲಿಲ್ಲ. ಅವನು ಕೊಂಡ ಗಡಿಯಾರ ಮನೆ ಬಾಗಿಲು ದಾಟುತ್ತಲೇ ನಿಂತಿತ್ತು. ಹೊಸ ಛತ್ರಿ ಮೊದಲ ಮಳೆಗೇ ಬಣ್ಣ ಬಿಟ್ಟು, ಅಂಗಿಯ ಜೊತೆಗೆ ಕಿವಿಯನ್ನೂ ನೀಲಿ ಮಾಡಿತ್ತು. ಸೋಫಾ ಹರಿದಾಗ ಒಳಗಿನಿಂದ ಹತ್ತಿಯ ಬದಲು ಒಣಹುಲ್ಲು ಇಣುಕಿತ್ತು. ಇಡೀ ಬಾಳಿನಲ್ಲಿ ಮೋಸ ಹೋಗದೆ ಕೊಂಡ ವಸ್ತು ಅವನ ಹತ್ತಿರ ಒಂದೇ ಇತ್ತು. ಅದು ಮೊಗಲರ ಕಾಲದ ಬೆಳ್ಳಿ ರೂಪಾಯಿ. ಹತ್ತು ವರ್ಷದ ಹಿಂದೆ ಪತ್ರಿಕೆಯ ಜಾಹೀರಾತು ನೋಡಿ ಅಂಚೆಯಲ್ಲಿ ತರಿಸಿಕೊಂಡದ್ದು.

ಆ ರೂಪಾಯಿಯ ಮೇಲೆ ಎರಡು ಗುರುತುಗಳಿದ್ದವು: ಒಂದು ಅರ್ಧಚಂದ್ರ, ಅದರ ಪಕ್ಕದಲ್ಲಿ ಉಗುರು ಒತ್ತಿದಂಥ ಒಂದು ಕಚ್ಚು. ಹಣದ ವಹಿವಾಟು ಮಾಡುತ್ತಿದ್ದ ಹಿಂದಿನ ಚಿನಿವಾರರು, ಬೆಳ್ಳಿ ಶುದ್ಧವೋ ಬೆರಕೆಯೋ ಎಂದು ನೋಡಲು ಹೀಗೆ ಉಳಿ ಹಾಕಿ ಪರೀಕ್ಷಿಸುತ್ತಿದ್ದರಂತೆ. ಮುಖ ನೋಡದ ಆ ಚಿನಿವಾರನ ಮೇಲೆ ಗುಮಾನಪ್ಪನಿಗೆ ಒಡಹುಟ್ಟಿದವನ ಮೇಲಿರುವಂಥ ಪ್ರೀತಿ. ಕೈಗೆ ಬಂದ ರಾಜಮುದ್ರೆಯನ್ನೂ ನಂಬದ ಮಹಾನುಭಾವ ಅವನು. ಮನಸ್ಸು ಕುಗ್ಗಿದಾಗಲೆಲ್ಲ ಗುಮಾನಪ್ಪ ಬಾಗಿಲು ಹಾಕಿಕೊಂಡು ರೂಪಾಯಿಯನ್ನು ತೆಗೆದು ನೋಡುತ್ತಿದ್ದ. ಇದೊಂದರಲ್ಲಿ ನಾನು ಗೆದ್ದೆ ಎಂದುಕೊಂಡರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಈಗ ಫೋನಿನ ಪರದೆಯ ಮೇಲೆ ಅದೇ ರೂಪಾಯಿ ಕುಳಿತಿತ್ತು. ಹಳೆಯ ನಾಣ್ಯಗಳನ್ನು ಆನ್‌ಲೈನ್ ಹರಾಜು ಹಾಕುವ ಜಾಲತಾಣ ಅದು. ಕೊಳ್ಳದಿದ್ದರೂ ದಿನಕ್ಕೊಮ್ಮೆ ಕಣ್ಣು ಹಾಯಿಸುವುದು ಅವನ ಚಟ. ಚಿತ್ರದ ಕೆಳಗೆ, ‘ಅಪರೂಪದ ರೂಪಾಯಿ, ಚಿನಿವಾರನ ಗುರುತು ಸಹಿತ, ಒಂದೇ ಒಂದು. ಹರಾಜು ಇಂದು ಸಂಜೆ ಐದಕ್ಕೆ ಮುಕ್ತಾಯ’ ಎಂದಿತ್ತು. ಚಿತ್ರವನ್ನು ಹಿಗ್ಗಿಸಿದ. ಅದೇ ಅರ್ಧಚಂದ್ರ, ಪಕ್ಕದಲ್ಲಿ ಅದೇ ಕಚ್ಚು. ಫೋನನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡ.

“ಏನ್ ಸಾರ್, ಅಷ್ಟೊಂದು ಹತ್ತಿರದಿಂದ ನೋಡ್ತಿದ್ದೀರಾ?” ಎಂದು ಪಕ್ಕದ ಮೇಜಿನ ಕ್ಯಾಷಿಯರ್ ಕತ್ತು ಚಾಚಿದ.

“ನನ್ನ ರೂಪಾಯಿ ಕಣ್ರೀ. ಯಾರೋ ಕದ್ದು ಹರಾಜಿಗೆ ಇಟ್ಟಿದ್ದಾರೆ.”

“ಒಂದೇ ಥರದ್ದು ಇನ್ನೊಂದು ಇರಬಹುದಲ್ಲ?”

ಗುಮಾನಪ್ಪ ಅವನನ್ನು ಕನಿಕರದಿಂದ ನೋಡಿದ. “ಒಂದೊಂದನ್ನೂ ಸುತ್ತಿಗೆಯಿಂದ ಕೈಯಲ್ಲಿ ಹೊಡೆದು ಮಾಡ್ತಿದ್ದ ಕಾಲ ಅದು. ಅದರ ಮೇಲೆ ಚಿನಿವಾರ ತನಗೆ ತೋಚಿದ ಕಡೆ ಹೊಡೆದ ಗುರುತು ಬೇರೆ. ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಲೋಕದಲ್ಲಿ ಇಂಥದ್ದು ಎರಡು ಇರೋಕೆ ಸಾಧ್ಯ ಇಲ್ಲ.”

“ಹಾಗಾದ್ರೆ ಬಹಳ ಬೆಲೆ ಬಾಳುತ್ತೆ ಅನ್ನಿ,” ಎಂದು ಕ್ಯಾಷಿಯರ್ ತನ್ನ ಫೋನನ್ನು ಕೈಗೆತ್ತಿಕೊಂಡ. ಗುಮಾನಪ್ಪನಿಗೆ ಆ ಗಳಿಗೆಯಿಂದಲೇ ಅವನ ಮೇಲೂ ಒಂದು ಕಣ್ಣಿಡಬೇಕಾಯಿತು.

ಮನೆಗೆ ಫೋನು ಮಾಡಿದ. ರೂಪಾಯಿ ಬೀರುವಿನ ಕೆಳಗಿನ ಖಾನೆಯ ತಳಕ್ಕೆ ಅಂಟಿಸಿದ ಲಕೋಟೆಯಲ್ಲಿ ಇರಬೇಕು. ಹೆಂಡತಿಗೆ ಅದನ್ನು ಹೇಳಿದರೆ ಅಡಗಿಸಿಟ್ಟ ಜಾಗ ಬಯಲಾಗುತ್ತದೆ. ಹೇಳದಿದ್ದರೆ ರೂಪಾಯಿಯ ಗತಿ ತಿಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

“ಏನೇ, ಬೀರು ಹೇಗಿದೆ?”

“ಬೀರು ಹೇಗಿರುತ್ತೆ ರೀ? ನಿಂತಿದೆ.”

“ಅದರ ಕೆಳಗಿನ ಖಾನೆ?”

“ಅದೂ ಬೀರು ಜೊತೆಗೇ ಇದೆ. ನಿಮಗೆ ಹುಷಾರಿಲ್ವಾ?”

“ಈ ವಾರ ಮನೆಗೆ ಯಾರ್ಯಾರು ಬಂದಿದ್ರು?”

“ನಲ್ಲಿ ರಿಪೇರಿಯವನು ಬಂದಿದ್ದ. ಆಮೇಲೆ ನನ್ನ ತಮ್ಮ ಬಂದಿದ್ದ, ಹೊಸ ಸ್ಕೂಟರ್ ತೋರಿಸೋಕೆ.”

ಗುಮಾನಪ್ಪ ಫೋನು ಕೆಳಗಿಟ್ಟ. ಬಾಮೈದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿನ ಸಂಬಳಕ್ಕೆ ಸ್ಕೂಟರಿನ ಕನ್ನಡಿ ಬಂದರೆ ಹೆಚ್ಚು. ಉಳಿದ ಭಾಗಗಳು ಎಲ್ಲಿಂದ ಬಂದವು? ಅರ್ಧ ದಿನ ರಜೆ ಬರೆದುಕೊಟ್ಟು ಹೊರಟ. ಕಾರಣದ ಜಾಗದಲ್ಲಿ ‘ಸ್ವಂತ ಕೆಲಸ’ ಎಂದು ಬರೆದದ್ದನ್ನು ನೋಡಿ ಮ್ಯಾನೇಜರು ಅನುಮಾನದಿಂದ ಹುಬ್ಬೇರಿಸಿದರು. ತನ್ನ ಮೇಲೆಯೇ ಯಾರಾದರೂ ಗುಮಾನಿ ಪಟ್ಟರೆ ಎಷ್ಟು ಅಸಹ್ಯವಾಗುತ್ತದೆ ಎಂದು ಅವನಿಗೆ ಬೇಸರವಾಯಿತು.

ಮನೆಗೆ ಬಂದವನೇ ಬೀರುವಿನ ಮುಂದೆ ಮಲಗಿ, ಖಾನೆಯ ತಳವನ್ನು ತಡವಿದ. ಅಂಟುಪಟ್ಟಿಯ ಗುರುತಿತ್ತು. ಲಕೋಟೆ ಇರಲಿಲ್ಲ.

“ಏನು ಹುಡುಕ್ತಿದ್ದೀರಿ ಅಂತ ಹೇಳಿದ್ರೆ ನಾನೂ ಹುಡುಕ್ತೀನಿ,” ಎಂದಳು ಹೆಂಡತಿ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ.

“ನಿನ್ನ ತಮ್ಮ ಬಂದಾಗ ಈ ಕೋಣೆಗೆ ಬಂದಿದ್ನಾ?”

“ಬಂದಿದ್ದ. ತಲೆ ಬಾಚಿಕೊಳ್ಳೋಕೆ.”

“ಎಷ್ಟು ಹೊತ್ತು ಬಾಚಿಕೊಂಡ?”

ಅವಳಿಗೆ ಈಗ ಅರ್ಥವಾಯಿತು. ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. “ನನ್ನ ತಮ್ಮನ್ನ ಕಳ್ಳ ಅಂತೀರಾ? ತಾನು ಕಳ್ಳ, ಪರರ ನಂಬ ಅಂತ ಸುಮ್ನೆ ಹೇಳ್ತಾರಾ? ಮದುವೆಯಾಗಿ ಇಷ್ಟು ವರ್ಷ ಆಯ್ತು, ಆ ರೂಪಾಯಿ ಎಲ್ಲಿದೆ ಅಂತ ನನಗೊಂದು ಮಾತು ಹೇಳಿಲ್ಲ ನೀವು. ನನ್ನ ಮೇಲೂ ಅನುಮಾನ ಅಲ್ವಾ?”

ಅನುಮಾನ ಇದ್ದದ್ದು ನಿಜ. ಆದ್ದರಿಂದ ಅವನು ನೇರವಾಗಿ ಬಾಮೈದನಿಗೆ ಫೋನು ಮಾಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಮೆತ್ತಗೆ ಶುರುಮಾಡಿದ.

“ಸ್ಕೂಟರ್ ಚೆನ್ನಾಗಿ ಓಡ್ತಿದೆಯೇನಪ್ಪ?”

“ಓಡ್ತಿದೆ ಭಾವ. ಕಂತಿನಲ್ಲಿ ತಗೊಂಡೆ.”

“ಕಂತಾ? ಸರಿ ಸರಿ. ಇವತ್ತು ಐದು ಗಂಟೆಗೆ ಒಂದು ಬೆಳ್ಳಿ ರೂಪಾಯಿ ಹರಾಜಾಗ್ತಿದೆ. ಯಾವ ಜಾಲತಾಣ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.”

“ನೀವು ಹೇಳದೆ ನನಗೆ ಹೇಗೆ ಗೊತ್ತಾಗುತ್ತೆ ಭಾವ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದೆಂದರೆ ಇದೇ ಎಂದುಕೊಂಡ ಗುಮಾನಪ್ಪ, ಜಾಲತಾಣದ ಹೆಸರು, ಅರ್ಧಚಂದ್ರ, ಕಚ್ಚು ಎಲ್ಲವನ್ನೂ ಬಿಡಿಸಿ ಹೇಳಿ, “ಎಲ್ಲಾ ಗೊತ್ತಾಗಿದೆ ನನಗೆ,” ಎಂದ. “ನೀವು ಹೀಗೆ ಅಂದುಕೊಂಡ್ರಲ್ಲ ಭಾವ,” ಎಂದು ಬಾಮೈದ ಸಣ್ಣ ದನಿಯಲ್ಲಿ ಹೇಳಿ ಫೋನಿಟ್ಟ.

ಗಲಾಟೆ ಕೇಳಿ ಮಹಡಿಯ ಮೇಲಿನ ಮನೆಯ ನಿವೃತ್ತ ಡ್ರಿಲ್ ಮಾಸ್ತರರು ಇಳಿದು ಬಂದರು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರು ಹಾಜರು. ಕತೆಯನ್ನು ಗಂಡ ಒಂದು ಥರ, ಹೆಂಡತಿ ಒಂದು ಥರ ಹೇಳಿದರು.

“ಪೊಲೀಸರಿಗೆ ದೂರು ಕೊಡಿ,” ಎಂದರು ಮಾಸ್ತರರು.

“ಕೊಡೋಷ್ಟರಲ್ಲಿ ಐದು ಹೊಡೆಯುತ್ತೆ. ರೂಪಾಯಿ ಯಾರ ಮನೆಗೋ ಹೋಗುತ್ತೆ.”

“ಹಾಗಾದ್ರೆ ನೀವೇ ಕೊಂಡ್ಕೊಂಡುಬಿಡಿ. ಕಳ್ಳನ ವಿಳಾಸವೂ ಸಿಗುತ್ತೆ, ಮಾಲೂ ಸಿಗುತ್ತೆ. ಅಷ್ಟರಲ್ಲಿ ಕಳ್ಳ ಬಿಟ್ಟ ಸುಳಿವು ಇದೆಯಾ ಅಂತ ನಾನು ಮನೆಯೆಲ್ಲ ಶೋಧಿಸ್ತೀನಿ. ಕಿಟಕಿಯಿಂದಲೇ ಶುರು.”

ತನ್ನ ವಸ್ತುವನ್ನು ತಾನೇ ದುಡ್ಡು ಕೊಟ್ಟು ಕೊಳ್ಳುವುದು ಅವನಿಗೆ ಹಿಡಿಸಲಿಲ್ಲ. ಆದರೂ ಆ ರೂಪಾಯಿ ಹೋದರೆ ತನ್ನ ಬಾಳಿನಲ್ಲಿ ಗೆದ್ದೆ ಎನ್ನಲು ಏನು ಉಳಿಯುತ್ತದೆ? ಸೋಫಾದ ಮೇಲೆ ಕುಳಿತು ಬೆಲೆ ಕೂಗಿದ. ಮರುಕ್ಷಣವೇ ಯಾರೋ ಅದಕ್ಕಿಂತ ಹೆಚ್ಚು ಕೂಗಿದರು. ಕೂಗಿದವರ ಹೆಸರಿನ ಜಾಗದಲ್ಲಿ ಬರೀ ಚುಕ್ಕಿಗಳು. ಕ್ಯಾಷಿಯರೇ ಇರಬೇಕು, ಸಂದೇಹವೇ ಇಲ್ಲ. ಗುಮಾನಪ್ಪ ಹಲ್ಲು ಕಚ್ಚಿಕೊಂಡು ಏರಿಸಿದ. ಚುಕ್ಕಿಗಳೂ ಏರಿಸಿದವು. ಒಳಗೆ ಮಾಸ್ತರರು ಪಾತ್ರೆಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಬೋರಲು ಹಾಕುತ್ತಿದ್ದ ಸದ್ದು ಕೇಳುತ್ತಿತ್ತು.

ಐದಕ್ಕೆ ಇನ್ನೇನು ಕ್ಷಣಗಳಿದ್ದಾಗ, ಬಟ್ಟೆ ಒಗೆಯುವ ಮೆಷಿನ್ನಿಗೆಂದು ಹೆಂಡತಿ ಕೂಡಿಸಿದ್ದ ಹಣವೆಲ್ಲ ಸೇರುವಷ್ಟು ದೊಡ್ಡ ಬೆಲೆಯನ್ನು ಅವನ ಹೆಬ್ಬೆರಳು ಒತ್ತಿಬಿಟ್ಟಿತು. ಚುಕ್ಕಿಗಳು ಸುಮ್ಮನಾದವು. ‘ಅಭಿನಂದನೆಗಳು’ ಎಂದಿತು ಫೋನು. ತಡಮಾಡಿದರೆ ಯಾರಾದರೂ ಕಸಿದುಕೊಂಡಾರು ಎಂದು ಅಲ್ಲೇ ಹಣ ಕಟ್ಟಿ, ಮನೆ ವಿಳಾಸ ತುಂಬಿದ.

“ನಿಮ್ಮ ಮಂಚ ಮಾತಾಡ್ತಿದೆ, ಬನ್ನಿ ಇಲ್ಲಿ,” ಎಂದು ಮಾಸ್ತರರು ಒಳಗಿನಿಂದ ಕರೆದರು.

ಪೊರಕೆ ತಲುಪದ ಜಾಗವನ್ನೂ ಬಿಡಬಾರದೆಂದು ಅವರು ಕಬ್ಬಿಣದ ಮಂಚವನ್ನು ಎತ್ತಿ ಹಿಡಿದಿದ್ದರು. ಅಲುಗಿಸಿದರೆ ಒಂದು ಕಾಲಿನೊಳಗೆ ಟಣ್ ಎನ್ನುತ್ತಿತ್ತು. ಹೆಂಡತಿ ಕಾಲಿನ ತುದಿಯ ರಬ್ಬರ್ ಬಿರಡೆಯನ್ನು ಕಿತ್ತಳು. ಲಕೋಟೆಯ ಚೂರು ಹೊರಬಂತು; ಅದರ ಹಿಂದೆಯೇ ಬೆಳ್ಳಿ ರೂಪಾಯಿ ನೆಲಕ್ಕೆ ಬಿದ್ದು, ಉರುಳುತ್ತ ಹೋಗಿ ಗುಮಾನಪ್ಪನ ಕಾಲ ಬಳಿ ಮಲಗಿತು.

ಆಗ ಅವನಿಗೆ ನೆನಪಾಯಿತು. ನಲ್ಲಿ ರಿಪೇರಿಯವನು ಬರುತ್ತಾನೆಂದು ತಿಳಿದ ಬೆಳಿಗ್ಗೆ, ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ತಾನೇ ಜಾಗ ಬದಲಾಯಿಸಿದ್ದ. ಇಷ್ಟು ದಿನ ಅದರ ಮೇಲೆಯೇ ಮಲಗಿ, ಕಳ್ಳರ ಕನಸು ಕಂಡಿದ್ದ.

ಮೊದಲು ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. “ನೋಡಿದ್ಯಾ, ಎಲ್ಲೂ ಹೋಗಿಲ್ಲ,” ಎಂದ. ಹೆಂಡತಿ ನಗಲಿಲ್ಲ. “ಹಾಗಾದ್ರೆ ನೀವು ಈಗ ದುಡ್ಡು ಕೊಟ್ಟು ತಗೊಂಡಿದ್ದು ಏನು?” ಎಂದು ಕೇಳಿದಳು.

“ಜೋಡಿ ಆಯ್ತು ಬಿಡಮ್ಮ,” ಎಂದರು ಮಾಸ್ತರರು.

ಗುಮಾನಪ್ಪ ರೂಪಾಯಿಯನ್ನು ಫೋನಿನ ಪಕ್ಕದಲ್ಲಿಟ್ಟ. ಅದೇ ಅರ್ಧಚಂದ್ರ, ಅದೇ ಕಚ್ಚು, ಅದೇ ಓರೆ. ಲೋಕದಲ್ಲಿ ಎರಡಿರಲು ಸಾಧ್ಯವಿಲ್ಲದ್ದು ಎರಡಾಗಿತ್ತು. ಯಾರೋ ಯಾವುದೋ ಒಂದರ ಅಚ್ಚು ತೆಗೆದು, ಚಿನಿವಾರನ ಪೆಟ್ಟನ್ನೂ ಬಿಡದೆ ನಕಲು ಹೊಯ್ದಿದ್ದಾರೆ ಎಂಬುದು ಅವನಿಗೆ ತಿಳಿಯಿತು. ಯಾವುದು ಅಸಲು, ಯಾವುದು ನಕಲು ಎಂಬುದಷ್ಟೇ ಉಳಿದ ಪ್ರಶ್ನೆ. ಹೊಸದು ನಕಲಿರಲಿ, ಹಳೆಯದು ಅಸಲಿರಲಿ ಎಂದು ಅವನು ಬೇಡಿಕೊಳ್ಳುತ್ತಿರುವಾಗಲೇ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಬಾಮೈದ ಬೆವರಿದ್ದ. ಮುಖದಲ್ಲಿ ಮಾತ್ರ ಮಾನ ಉಳಿಸಿಕೊಂಡವನ ಕಳೆ ಇತ್ತು. “ಭಾವ, ಕದ್ದಿದ್ದು ನಾನಲ್ಲ. ಆದರೆ ನಿಮ್ಮ ರೂಪಾಯೀನ ವಾಪಸ್ ತರಿಸಿಕೊಡೋದು ನನ್ನ ಕರ್ತವ್ಯ ಅಂತ ಹರಾಜಿನಲ್ಲಿ ಕೂಗಿದೆ. ಯಾರೋ ಪಾಪಿ ನನಗಿಂತ ಜಾಸ್ತಿ ಕೂಗಿಬಿಟ್ಟ. ಎಷ್ಟು ಏರಿಸಿದ್ರೂ ಬಿಡಲಿಲ್ಲ.”

ಹೆಂಡತಿ ಗಂಡನ ಕಡೆ ನೋಡಿದಳು. ಗುಮಾನಪ್ಪ ಮಂಚದ ಕಡೆ ನೋಡಿದ.

“ಆದ್ರೂ ದೇವರು ದೊಡ್ಡವನು,” ಎಂದು ಬಾಮೈದ ಮುಂದುವರಿಸಿದ. “ಹರಾಜು ಮುಗಿದ ಮೇಲೆ ಮಾರುವವರೇ ನನಗೆ ಬರೆದರು. ಬೇಜಾರಾಗಬೇಡಿ, ಅದೇ ಗುರುತಿರೋದು ಇನ್ನೊಂದು ಇದೆ, ನಿಮ್ಮ ಕೊನೆಯ ಬೆಲೆಗೇ ಕೊಡ್ತೀವಿ ಅಂತ. ತಗೊಂಡುಬಿಟ್ಟೆ ಭಾವ. ಸ್ಕೂಟರಿನ ಎರಡು ಕಂತು ಆಮೇಲೆ ಕಟ್ಟಿದ್ರಾಯ್ತು.”

ಮಾಸ್ತರರು ಮೂರು ಬೆರಳು ಮಡಿಸಿ ಎಣಿಸಿ, ಸದ್ದಿಲ್ಲದೆ ಮಹಡಿ ಹತ್ತಿದರು.

ಆಗ ಗುಮಾನಪ್ಪನ ಫೋನು ಟಿಂಗ್ ಎಂದಿತು. ಅವನು ಕೈ ಚಾಚುವ ಮೊದಲೇ ಹೆಂಡತಿ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದಳು: “ಮಾನ್ಯರೇ, ನಿಮ್ಮ ನಾಣ್ಯ ನಾಳೆ ಹೊರಡಲಿದೆ. ಹತ್ತು ವರ್ಷದ ಹಿಂದೆಯೂ ಇದೇ ಹೆಸರು, ಇದೇ ವಿಳಾಸಕ್ಕೆ ಇದೇ ನಾಣ್ಯವನ್ನು ಅಂಚೆಯಲ್ಲಿ ಕಳಿಸಿದ್ದು ನಮ್ಮ ದಾಖಲೆಯಲ್ಲಿದೆ. ಆಗಿನ ಸರಕಿನಲ್ಲಿ ಇನ್ನೂ ಸಾಕಷ್ಟು ಉಳಿದಿದೆ. ನಮ್ಮ ಮೇಲೆ ನೀವು ಇಟ್ಟಿರುವ ನಂಬಿಕೆಗೆ ಋಣಿ.”

ಗುಮಾನಪ್ಪ ಮಂಚದ ಮೇಲೆ ಕುಳಿತ. ಬಿರಡೆಯಿಲ್ಲದ ಕಾಲು ಗಿಡ್ಡವಾಗಿದ್ದರಿಂದ ಮಂಚ ಒಂದು ಕಡೆಗೆ ವಾಲಿತು. ಹತ್ತು ವರ್ಷ ನೆಟ್ಟಗೆ ಹಿಡಿದಿದ್ದ ಬೆನ್ನು ಈಗ ಬಾಗಿತ್ತು. ಅವನಿಗೆ ಅಳು ಬರುವಂತಿತ್ತು, ನಾಚಿಕೆಯೂ ಆಗುತ್ತಿತ್ತು.

ಹೆಂಡತಿ ಫೋನನ್ನು ಅವನ ಪಕ್ಕದಲ್ಲಿಟ್ಟಳು. ಬೈಯಲೆಂದು ತೆರೆದ ಬಾಯಿಂದ ಬೈಗುಳ ಬರಲಿಲ್ಲ.

“ನನ್ನನ್ನ ನಂಬಲಿಲ್ಲ, ನನ್ನ ತಮ್ಮನ್ನ ನಂಬಲಿಲ್ಲ,” ಎಂದಳು. “ಹೋಗಿ ಹೋಗಿ ಇಡೀ ಲೋಕದಲ್ಲಿ ನೀವು ನಂಬಿದ್ದು ಈ ರೂಪಾಯಿ ಮಾರೋನೊಬ್ಬನನ್ನಾ?”