ಒಂಬತ್ತನೆಯ ಪೀಪಾಯಿಯ ‘ಡಿ’

ರುಚಿಗಾರನ ಕೋಟಿನ ಬಣ್ಣದ ವಿಚಾರದಲ್ಲಿ ಈ ಕತೆ ಹೇಳುವವರೊಳಗೆ ಒಮ್ಮತವಿಲ್ಲ. ಕಪ್ಪೆಂದವರಿದ್ದಾರೆ, ಕಡುನೀಲಿಯೆಂದವರೂ ಇದ್ದಾರೆ. ಕೋಪದ ವಿಚಾರದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಆ ವಿಸ್ಕಿ ಕಾರ್ಖಾನೆಯ ಕಿರಿಯ ರುಚಿಗಾರನ ಹೊಟ್ಟೆಪಾಡು ನಡೆಯುತ್ತಿದ್ದುದೂ ಮೂಗಿನಿಂದಲೇ, ಸಿಟ್ಟು ಕೂರುತ್ತಿದ್ದುದೂ ಮೂಗಿನ ತುದಿಯಲ್ಲೇ.

ಆರು ವರ್ಷಗಳ ಹಿಂದೆ ಅವನು ದೇಶೀ ಸಿಂಗಲ್ ಮಾಲ್ಟ್ ವಿಸ್ಕಿಯನ್ನು, ಕೆಂಪು ವೈನ್ ಇಟ್ಟು ಬರಿದಾಗಿದ್ದ ಪೀಪಾಯಿಯೊಂದರಲ್ಲಿ ತುಂಬಿಸಿಟ್ಟಿದ್ದ. ಅದೇ ಉಗ್ರಾಣದ ಒಂಬತ್ತನೆಯ ಪೀಪಾಯಿ. ಈ ಕತೆ ನಡೆದ ದಿನ ಮಧ್ಯಾಹ್ನ ಯಜಮಾನಿ ಅದರ ರುಚಿ ನೋಡಿ ಮೆಚ್ಚಿದರೆ ಅವನು ಮುಖ್ಯ ರುಚಿಗಾರ. ಆದ್ದರಿಂದ ಬೆಳಗ್ಗೆ ಬಂದವನೇ ಪೀಪಾಯಿಯ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಬರೆದ: ‘ಖಾಲಿ ಮಾಡಬೇಡಿ’. ಬರೆದು, ಅದಕ್ಕೇ ಬೆನ್ನು ಕೊಟ್ಟು ನಿಂತು, ನೆಲ ಗುಡಿಸಿಲ್ಲವೆಂದು ಉಗ್ರಾಣಿಯನ್ನು ಹತ್ತು ನಿಮಿಷ ಬೈದ.

ಹೊರಗೆ ಕಾವಲುಗಾರ ತಡೆದ. “ಸಾರ್, ನಿಮ್ಮ ಹಿಂದೆ...”

“ನನ್ನ ಹಿಂದೆ ಯಾರು ಏನಾದ್ರೂ ಆಡ್ಕೊಳ್ಲಿ! ಇವತ್ತೊಂದು ದಿನ ಕಳೀಲಿ, ಆಮೇಲೆ ಎಲ್ರಿಗೂ ಇದೆ!”

ಹನ್ನೊಂದಕ್ಕೆ ಮರಳಿ ಬಂದು ಪೀಪಾಯಿಯನ್ನು ತಟ್ಟಿದರೆ ಅದು ಹಸಿದ ಹೊಟ್ಟೆಯಂತೆ ಗುಡುಗಿತು.

“ಇದರಲ್ಲಿದ್ದದ್ದು ಎಲ್ಲಯ್ಯಾ?”

“ದೊಡ್ಡ ತೊಟ್ಟಿಗೆ, ಉಳಿದ ಮಾಲ್ಟ್ ಜೊತೆ ಸುರಿದೆ ಸಾರ್,” ಎಂದ ಉಗ್ರಾಣಿ. “ನೀವೇ ಬರೆದಿದ್ರಲ್ಲ, ‘ಖಾಲಿ ಮಾಡಬೇ’ ಅಂತ. ಕೊನೇ ಅಕ್ಷರ ಅವಸರದಲ್ಲಿ ಬಿಟ್ಟಿದ್ರಿ. ‘ಕು’ ನಾನೇ ಸೇರಿಸ್ದೆ.”

ಸೇರಿಸಿದ್ದ. ಮುದ್ದಾಗಿಯೇ ಸೇರಿಸಿದ್ದ.

“ನನ್ನ ‘ಡಿ’ ಅಳಿಸಿದ ಕತ್ತೆ ಯಾವ್ದು?” ರುಚಿಗಾರನ ಕೂಗಿಗೆ ಉಗ್ರಾಣವೇ ನೆರೆಯಿತು.

“ಹಲ್ಲಿ ಓಡಾಡಿರ್ಬೇಕು,” ಎಂದಳು ಪ್ರಯೋಗಾಲಯದ ಅಕ್ಕ.

“ಮರ ಬೆವರುತ್ತೆ ಸಾರ್,” ಎಂದ ಪೀಪಾಯಿ ಬಡಗಿ. “ನಿಮ್ಮ ಹಾಗೇನೇ.”

ನಿಜವಾಗಿಯೂ ಬೆವರುತ್ತಿದ್ದ. ಕೋಟು ಕಿತ್ತು ಉಗ್ರಾಣಿಯ ಮೇಲೆಸೆದ; ಜೇಬಿನಲ್ಲಿ ಮನೆಯ ಬೀಗದ ಕೈ ಝಣ್ ಎಂದಿತು. ಅಲ್ಲೇ ಕುಳಿತು ದೂರು ಬರೆದ: ‘“ಡಿ” ಅಳಿಸಿ ಒಂಬತ್ತನೆಯದನ್ನು ತೊಟ್ಟಿಯ ಪಾಲು ಮಾಡಿದವನಿಗೆ ಮೂಗೂ ಇಲ್ಲ, ಬುದ್ಧಿಯೂ ಇಲ್ಲ. ಅವನನ್ನು ಈ ಕ್ಷಣವೇ ಕೆಲಸದಿಂದ ತೆಗೆಯತಕ್ಕದ್ದು.’ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ. ಉಗ್ರಾಣದ ಥಂಡಿಗೆ ನಡುಗುತ್ತಿದ್ದ ಉಗ್ರಾಣಿ, ಸಿಕ್ಕ ಕೋಟನ್ನು ತೊಟ್ಟುಕೊಂಡ.

ಯಜಮಾನಿ ಬಂದು ದೂರು ಓದಿದರು. ಒಂಬತ್ತನೆಯದರಿಂದ ಹಿಂದಿನ ವಾರ ತೆಗೆದಿಟ್ಟಿದ್ದ ಒಂದು ಲೋಟದಷ್ಟು ಮಾದರಿಯನ್ನು ರುಚಿಗಾರ ಮುಂದಿಟ್ಟ.

“ಅಬ್ಬಾ, ಏನು ಒಗರು!” ಮುಖ ಕಿವುಚಿದರು. “ನಾಲಿಗೆ ಬಡಗಿ ಅಂಗಡಿಗೆ ಹೋಗಿ ಬಂದ ಹಾಗಾಯ್ತು. ಆ ತೊಟ್ಟೀದೂ ಕೊಡಿ, ಬಾಯಿ ತೊಳೀಲಿ.”

ತೊಟ್ಟಿಯದನ್ನು ಗುಟುಕರಿಸಿದವರು ಕಣ್ಣು ಮುಚ್ಚಿದರು. ಕಪ್ಪು ದ್ರಾಕ್ಷಿ, ಜೇನು, ಕೊನೆಗೆ ಹಿತವಾದ ಒಂದೆಳೆ ಒಗರು. ಕಣ್ಣು ತೆರೆದಾಗ ಸ್ವರವೇ ಬದಲಾಗಿತ್ತು.

“ಆ ‘ಡಿ’ ಅಳಿಸಿದ ಪುಣ್ಯಾತ್ಮನೇ ಇನ್ಮೇಲೆ ಮುಖ್ಯ ರುಚಿಗಾರ. ಯಾರದು?”

ಉಗ್ರಾಣಿ ಇನ್ನೊಂದು ಲೋಟ ತುಂಬಲು ಬಗ್ಗಿದ. ಅಕ್ಕ ಕಿಸಕ್ಕನೆ ನಕ್ಕಳು. “ಅಗೋ! ಬೆನ್ನ ಮೇಲೇ ಇದೆ!”

ಕೋಟಿನ ಬೆನ್ನಿನಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ಬೆಳ್ಳಗಿನ ‘ಡಿ’.

“ಅದು ನನ್ನ ಕೋ...” ರುಚಿಗಾರ ಮುನ್ನುಗ್ಗಿದ.

“ನಿಮ್ಮದಾ?” ಯಜಮಾನಿ ದೂರನ್ನು ಎತ್ತಿ ಹಿಡಿದರು. “ಹಾಗಾದ್ರೆ ಮೂಗಿಲ್ಲದವನು, ಬುದ್ಧಿಯಿಲ್ಲದವನು, ಕೆಲಸದಿಂದ ತೆಗೀಬೇಕಾದವನು ನೀವೇನಾ? ಸಹಿ ಬೇರೆ ಮಾಡಿದೀರಿ. ಸರಿಯಾಗಿ ಹೇಳಿ, ಕೋಟು ಯಾರದು?”

ರುಚಿಗಾರನ ಹಲ್ಲು ಕಟಕಟಿಸಿತು. ಆರು ವರ್ಷದ ಒಗರೆಲ್ಲ ಗಂಟಲಿಗೆ ಬಂದಿತ್ತು.

“ಅವನದೇ,” ಎಂದ.

ಸಂಜೆ ಹೊಸ ಮುಖ್ಯ ರುಚಿಗಾರನಾದ ಉಗ್ರಾಣಿ ಕೋಟಿನ ಗುಂಡಿ ಹಾಕಿಕೊಂಡು, ಬೀಗದ ಕೈ ಝಣಝಣಿಸುತ್ತ ಗೇಟು ದಾಟಿದ.

“ಸಾರ್, ನಿಮ್ಮ ಕೋಟು...” ಎಂದ ಕಾವಲುಗಾರ, ಹಿಂದೆಯೇ ಬಂದ ಕಿರಿಯ ರುಚಿಗಾರನಿಗೆ.

“ನನ್ನದಲ್ಲ!” ಎಂದು ಅಬ್ಬರಿಸಿದ ರುಚಿಗಾರ, ಬೀಗ ಹಾಕಿದ ತನ್ನ ಮನೆಯ ಕಡೆ ಹೊರಟ.