ಮುಖ್ಯ ಅತಿಥಿಯನ್ನು ಕರೆತರಲು ಹೋದ ಮಿಡ್‌ಫೀಲ್ಡರ್

ನೈರೋಬಿಯ ನಮ್ಮ ಕನ್ನಡ ಸಂಘದ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡಕ್ಕೆ ನಾನು ಮ್ಯಾನೇಜರ್ ಆಗಿದ್ದೆ ಎಂದರೆ ಮೈಸೂರಿನಲ್ಲಿರುವ ನನ್ನ ಅಣ್ಣ ಇವತ್ತಿಗೂ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು. ಆದರೆ ಆ ಹುದ್ದೆಯನ್ನು ಒಪ್ಪಿಕೊಂಡ ದಿನ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮುನ್ನೂರು ಜನರ ಗಣೇಶ ಹಬ್ಬವನ್ನು ಒಂದೇ ಒಂದು ಜಗಳವಿಲ್ಲದೆ ನಡೆಸಿದವನು ನಾನು. ಎರಡು ಜಗಳ ಆದವು ನಿಜ, ಆದರೆ ಅವು ಊಟದ ನಂತರ. ಅಂಥವನಿಗೆ ಒಂಬತ್ತು ಜನ ಒಂದು ಚೆಂಡಿನ ಹಿಂದೆ ಓಡುವುದನ್ನು ನೋಡಿಕೊಳ್ಳುವುದು ಯಾವ ಮಹಾ ಕೆಲಸ!

ರಿವರ್‌ಸೈಡಿನ ನಮ್ಮ ಆಫೀಸಿನಲ್ಲಿ ಮೆಲ್ಬರ್ನ್ ಕಡೆಯ ಅಧಿಕಾರಿಯೊಬ್ಬರಿದ್ದರು. ಭಾನುವಾರಗಳಂದು ಈ ಆಟ ಶುರುಮಾಡಿಸಿದವರು ಅವರೇ. ಗಂಡಸರು ಹೆಂಗಸರು ಒಟ್ಟಿಗೆ ಆಡುವ, ತಲಾ ಒಂಬತ್ತು ಜನರ ತಂಡಗಳು. ಪಂಗಾನಿ ಬಡಾವಣೆಯಿಂದ ಸ್ವಲ್ಪ ಮುಂದಿರುವ ಒಂದು ಕ್ರಿಕೆಟ್ ಮೈದಾನದಲ್ಲೇ ಆಡುತ್ತಾರೆ ಎಂದು ತಿಳಿದ ಕೂಡಲೇ ನನಗೆ ಅರ್ಧ ಆಟ ಬಂದುಬಿಟ್ಟಿತು. ಉಳಿದರ್ಧವನ್ನು ನಾನೇ ಮನೆಯಲ್ಲಿ ಹೆಂಡತಿಗೆ ವಿವರಿಸಿದೆ. ಚೆಂಡು ಮೊಟ್ಟೆಯಾಕಾರದ್ದು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಅದರ ಪಕ್ಕಕ್ಕೆ ಹೋದರೆ ಒಂದು. ಒದೆಯಬಹುದು, ಹಿಡಿಯಬಹುದು, ಹಿಡಿದು ಓಡಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವರಿಗೆ ದಾಟಿಸಬಹುದು.

ಸುಮಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೇಳಿದಳು. "ಎಲ್ಲಾನೂ ಮಾಡಬಹುದು ಅಂದ್ರೆ, ರೂಲ್ಸ್ ಯಾಕ್ರೀ ಬೇಕು?"

"ಅದನ್ನ ನೋಡ್ಕೊಳ್ಳೋಕೇ ಮ್ಯಾನೇಜರ್ ಇರೋದು," ಎಂದೆ.

ನಮ್ಮ ತಂಡದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದವನು ಬ್ಯಾಂಕಿನ ರಘು. ಬೆಂಗಳೂರಿನಿಂದ ಎರಡು ವರ್ಷದ ಮಟ್ಟಿಗೆ ಬಂದ ಹುಡುಗ. ಕಂಬಗಳ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ. ಚೆಂಡು ಬಂದರೆ ಒದೆಯುತ್ತಿದ್ದ. ಆರು ಅಂಕ! ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ, ಅದರ ಕೆಳಗೆ ಹೆಂಗಸರು ಮಕ್ಕಳೆಲ್ಲರ ಚಪ್ಪಾಳೆ. ಆ ಚೆಂಡು ಅವನ ಹತ್ತಿರ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಲೇ ಇಲ್ಲ.

ಚೆಂಡನ್ನು ಕಳಿಸುತ್ತಿದ್ದವಳು ಫ್ಲೇವಿಯಾ. ಪಂಗಾನಿಯಲ್ಲಿ ಮೂವತ್ತು ವರ್ಷದಿಂದ ಇರುವ ಮಂಗಳೂರಿನ ಡಿಸೋಜ ಮೇಷ್ಟ್ರ ಮಗಳು. ಹತ್ತೊಂಬತ್ತು ವರ್ಷ, ಕಾಲೇಜಿನ ಮೊದಲ ವರ್ಷ. ಮನೆಯಲ್ಲಿ ಕೊಂಕಣಿ, ನಮ್ಮ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಆಕೆ ಆಡುತ್ತಿದ್ದುದು ಮೈದಾನದ ನಡುವೆ, ಮಿಡ್‌ಫೀಲ್ಡರ್ ಆಗಿ. ಆದರೆ ಸಂಘಕ್ಕೆ ಆಕೆ ಪರಿಚಯವಾದದ್ದು ಬೇರೆ ಗುಣಕ್ಕೆ. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬರುವ ಏಕೈಕ ಸದಸ್ಯೆ ಆಕೆ! ಹಾಗಾಗಿ ನೀರಿನ ಕ್ಯಾನು ತರುವುದು ಫ್ಲೇವಿಯಾ. ಚೆಂಡಿಗೆ ಗಾಳಿ ಹೊಡೆಸುವುದು ಫ್ಲೇವಿಯಾ. ರಾಜ್ಯೋತ್ಸವಕ್ಕೆ ಬಾಡಿಗೆ ಕುರ್ಚಿ ತಂದು, ಎಣಿಸಿ, ವಾಪಸ್ ಕೊಡುವುದೂ ಫ್ಲೇವಿಯಾ. ಯಾವ ಸಭೆಯಲ್ಲಿ ಯಾವ ಕೆಲಸದ ಮಾತು ಬಂದರೂ ನಾನು ಕುರ್ಚಿಗೆ ಒರಗಿ ಹೇಳುತ್ತಿದ್ದ ಮಾತು ಒಂದೇ. "ಫ್ಲೇವಿಯಾ ಇದ್ದಾಳಲ್ಲ!"

"ನೋ ಪ್ರಾಬ್ಲಮ್, ಅಂಕಲ್," ಎನ್ನುತ್ತಿದ್ದಳು ಆಕೆ.

ಇಂಥ ಫ್ಲೇವಿಯಾ ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ನನ್ನ ಹತ್ತಿರ ಬಂದು ನಿಂತಳು. ವರ್ಷದಲ್ಲಿ ಮೊದಲ ಸಲ ಆಕೆಗೆ ನನ್ನಿಂದ ಏನೋ ಬೇಕಾಗಿತ್ತು. ಬರುವ ಭಾನುವಾರದ ಪಂದ್ಯಕ್ಕೆ ಅಕಿನ್ಯಿ ಎಂಬ ಕೋಚ್ ಬರುತ್ತಾರಂತೆ. ಮೆಲ್ಬರ್ನಿನಲ್ಲಿ ಆರು ವಾರದ ತರಬೇತಿಗೆ ಇಲ್ಲಿಂದ ಒಬ್ಬ ಹುಡುಗಿಯನ್ನು ಆರಿಸುತ್ತಾರಂತೆ. ಆಕೆಯ ಆಟವನ್ನು ಅವರು ನೋಡುವುದು ಅದೊಂದೇ ದಿನ.

"ಅಂಕಲ್, ಜಸ್ಟ್ ಕೀಪ್ ಮಿ ಇನ್ ದ ಸೆಂಟರ್. ಪ್ಲೀಸ್. ಹೋಲ್ ಮ್ಯಾಚ್."

"ಅದೇನಮ್ಮಾ ಹೀಗೆ ಕೇಳ್ತೀಯಾ! ನೀನಿಲ್ದೆ ಟೀಮ್ ಎಲ್ಲಿದೆ? ನಿಶ್ಚಿಂತೆಯಾಗಿರು," ಎಂದೆ. ಆ ಕ್ಷಣದಲ್ಲಿ ನಾನು ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಅದೇ ನನ್ನ ದೊಡ್ಡ ತೊಂದರೆ.

ಭಾನುವಾರ ಬಂತು. ಆಟವೆಂದರೆ ಬರೀ ಆಟವೆಂದು ತಿಳಿದವರು ನಮ್ಮ ಸಂಘವನ್ನು ಬಲ್ಲವರಲ್ಲ. ನಮ್ಮಲ್ಲಿ ನಾಲ್ಕು ಜನ ಸೇರಿದರೂ ಒಬ್ಬ ಮುಖ್ಯ ಅತಿಥಿ ಬೇಕು. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ ಬೇಕು. ಈ ಸಲದ ಅತಿಥಿ ಸೌತ್ ಬಿ ಬಡಾವಣೆಯಲ್ಲಿರುವ ಡಾಕ್ಟರ್ ನಂಜುಂಡಯ್ಯನವರು. ಎಂಬತ್ತು ದಾಟಿದ ಹಿರಿಯರು. ಪಂದ್ಯ ನಾಲ್ಕು ಕ್ವಾರ್ಟರುಗಳದ್ದು. ಎರಡು ಮುಗಿದು ವಿರಾಮವಾದಾಗ ವಿಶ್ವವಿದ್ಯಾಲಯದ ತಂಡಕ್ಕಿಂತ ನಾವು ಒಂಬತ್ತು ಅಂಕ ಮುಂದಿದ್ದೆವು. ಕೋಚ್ ಅಕಿನ್ಯಿ ಇನ್ನೂ ಬಂದಿರಲಿಲ್ಲ. ಬೇರೊಂದು ಪಂದ್ಯ ಮುಗಿಸಿ ಬರುತ್ತಾರೆಂದು ಸುದ್ದಿ ಬಂದಿತ್ತು. ಆಗ ಡಾಕ್ಟರ ಫೋನು.

"ಏನಪ್ಪಾ ಸತೀಶ, ಕಾರ್ ಸ್ಟಾರ್ಟೇ ಆಗ್ತಿಲ್ಲ. ಗೇಟ್ ಹತ್ರ ಬಿಸಿಲಲ್ಲಿ ನಿಂತಿದೀನಿ. ಯಾರನ್ನಾದ್ರೂ ಕಳಿಸ್ತೀಯಾ?"

ಸುತ್ತ ನೋಡಿದೆ. ಅಧ್ಯಕ್ಷರು ಬ್ಯಾನರ್ ಕಟ್ಟುತ್ತಿದ್ದರು. ಖಜಾಂಚಿಗೆ ಕಾರು ಓಡಿಸಲು ಬರುವುದಿಲ್ಲ. ನಾನು ಹೋಗೋಣವೆಂದರೆ ಮ್ಯಾನೇಜರು! ಮ್ಯಾನೇಜರು ಮೈದಾನ ಬಿಟ್ಟರೆ ಪಂದ್ಯದ ಗತಿಯೇನು? ಭಾನುವಾರ, ರಸ್ತೆ ಖಾಲಿ, ಹೋಗಿ ಬರಲು ಅರ್ಧ ಗಂಟೆ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿಕೊಂಡು ಬರುವವರು ಬೇಕಾಗಿತ್ತು. ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಫ್ಲೇವಿಯಾ ಇದ್ದಾಳಲ್ಲ!"

ಸುಮಾ ನನ್ನ ತೋಳು ಹಿಡಿದು ಜಗ್ಗಿದಳು. "ರೀ, ಬುದ್ಧಿ ಇದೆಯೇನ್ರೀ? ಅವಳು ಆಡ್ತಿರೋಳು!"

"ಅಂಕಲ್, ದ ಕೋಚ್..." ಎಂದಳು ಫ್ಲೇವಿಯಾ.

"ಕೋಚ್ ಬರೋಷ್ಟರಲ್ಲಿ ನೀನು ವಾಪಸ್ ಬಂದಿರ್ತೀಯಮ್ಮಾ. ಪಾಪ, ಮುದುಕರು ಬಿಸಿಲಲ್ಲಿ ನಿಂತಿದಾರೆ. ಇಲ್ಲಿ ರಘು ನೋಡ್ಕೋತಾನೆ."

ಮುದುಕರನ್ನು ಬಿಸಿಲಲ್ಲಿ ನಿಲ್ಲಿಸಲು ಆಕೆಗೆ ಮನಸ್ಸು ಬರಲಿಲ್ಲ. ಈ ಸಲ ನೋ ಪ್ರಾಬ್ಲಮ್ ಎನ್ನಲಿಲ್ಲ. ಸುಮ್ಮನೆ ಕೀ ತೆಗೆದುಕೊಂಡು ಓಡಿದಳು.

ಆಕೆಯ ಕಾರು ಗೇಟು ದಾಟಿತು. ಅದರ ಹಿಂದೆಯೇ ಇನ್ನೊಂದು ಕಾರು ಒಳಗೆ ಬಂತು. ಕೋಚ್ ಅಕಿನ್ಯಿ!

ಎತ್ತರದ, ಹೆಚ್ಚು ಮಾತಿಲ್ಲದ ಹೆಂಗಸು. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು. ಯಾರು ಫ್ಲೇವಿಯಾ ಎಂದು ಕೇಳಿದರು. "ಈಗ ಬರ್ತಾಳೆ" ಎಂದೆ. ಎಲ್ಲಿ ಹೋಗಿದ್ದಾಳೆ ಎಂದರು. "ಒಂದು ಮುಖ್ಯ ಕೆಲಸದ ಮೇಲೆ" ಎಂದೆ. ಆಟಕ್ಕಿಂತ ಮುಖ್ಯವೇ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಆದರೆ ಶಾಲಿತ್ತು.

ಹೇಗಾದರೂ ಮಾಡಿ ಅವರನ್ನು ಅರ್ಧ ಗಂಟೆ ಹಿಡಿದಿಡಬೇಕಾಗಿತ್ತು. ಒಬ್ಬ ಮನುಷ್ಯನನ್ನು ಎದ್ದು ಹೋಗದಂತೆ ಕೂರಿಸಲು ಕನ್ನಡಿಗರಿಗೆ ಗೊತ್ತಿರುವ ಮಾರ್ಗ ಒಂದೇ, ಸನ್ಮಾನ. ಕೂಡಲೇ ಕೋಚನ್ನು ಡಾಕ್ಟರ ಕುರ್ಚಿಯಲ್ಲಿ ಕೂರಿಸಿ, ಡಾಕ್ಟರ ಶಾಲನ್ನು ಹೊದಿಸಿ, ಡಾಕ್ಟರ ಪೇಟವನ್ನು ತಲೆಗಿಟ್ಟು, ಮೈಕು ಹಿಡಿದು ಸ್ವಾಗತ ಭಾಷಣ ಆರಂಭಿಸಿದೆ. ಅಷ್ಟರಲ್ಲಿ ಮೂರನೇ ಕ್ವಾರ್ಟರ್ ಶುರುವಾಗಿತ್ತು. ಪೇಟ ಅವರ ಕಣ್ಣಿನವರೆಗೂ ಇಳಿಯಿತು. ಅವರು ಅದನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಶಾಂತವಾಗಿ ಹೇಳಿದರು. "ಸರ್, ನಾನು ಒಬ್ಬಳು ಮಿಡ್‌ಫೀಲ್ಡರನ್ನು ನೋಡಲು ಬಂದೆ. ನೀವು ಅಡ್ಡ ನಿಂತಿದ್ದೀರಿ."

ಪಕ್ಕಕ್ಕೆ ಸರಿದೆ. ಸರಿಯಬಾರದಿತ್ತು! ಮೈದಾನದಲ್ಲಿ ನಡೆಯುತ್ತಿದ್ದುದನ್ನು ಅವರು ನೋಡದಿದ್ದರೇ ಚೆನ್ನಾಗಿತ್ತು. ಅಂಪೈರ್ ನಡುವೆ ಚೆಂಡು ಪುಟಿಸುತ್ತಿದ್ದರು, ಅದನ್ನು ಎತ್ತಿಕೊಳ್ಳಲು ನಮ್ಮವರು ಯಾರೂ ಇರುತ್ತಿರಲಿಲ್ಲ. ಇಲ್ಲವೇ ಎಲ್ಲರೂ ಒಮ್ಮೆಲೇ ಇರುತ್ತಿದ್ದರು. ಒಬ್ಬರ ಮೇಲೊಬ್ಬರು ಬಿದ್ದು ಏಳುವಷ್ಟರಲ್ಲಿ ಎದುರಾಳಿಗಳಿಗೆ ಆರು ಅಂಕ ಆಗಿರುತ್ತಿತ್ತು. ರಘು ತನ್ನ ಜಾಗದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಚೆಂಡು ಬಂದರೆ ತಾನೇ!

"ಸಾರ್, ಬಾಲ್ ಬರ್ತಾನೇ ಇಲ್ಲ!" ಎಂದು ಅಲ್ಲಿಂದಲೇ ಕೂಗಿದ.

ನಾವು ಎಂಟೇ ಜನ ಇದ್ದೆವು. ಬದಲಿ ಆಟಗಾರ ಮಂಜು ವಿರಾಮದಲ್ಲಿ ಎರಡು ತಟ್ಟೆ ಬಿಸಿಬೇಳೆಬಾತ್ ಮುಗಿಸಿ ಮರದ ಕೆಳಗೆ ಮಲಗಿದ್ದ. ಎಬ್ಬಿಸಿದರೆ ಏಳಲಿಲ್ಲ. ಮಾಡಿದ್ದನ್ನು ಸರಿಪಡಿಸುವ ಹೊಣೆ ನನ್ನದೇ ಎಂದು ಘನಗಂಭೀರವಾಗಿ ನಿರ್ಧರಿಸಿ, ನಲವತ್ತೇಳನೆಯ ವಯಸ್ಸಿನಲ್ಲಿ, ಆಫೀಸಿನ ಪ್ಯಾಂಟನ್ನು ಮಡಿಸಿಕೊಂಡು ನಾನೇ ಮೈದಾನದ ನಡುವೆ ಹೋಗಿ ನಿಂತೆ.

"ರೀ! ಬೇಡಾರೀ!" ಎಂದು ಸುಮಾ ಕೂಗಿದ್ದು ಹುರಿದುಂಬಿಸುವ ಮಾತೆಂದೇ ನನಗೆ ಅನ್ನಿಸಿತು.

ಮೊದಲ ಚೆಂಡು ಹೊಟ್ಟೆಗೆ ಬಂತು. ನೋವಾಯಿತು, ಆದರೆ ಬಿಡಲಿಲ್ಲ. ಅಪ್ಪಿಕೊಂಡು ಓಡಿದೆ. ಆಶ್ಚರ್ಯವೆಂದರೆ ಯಾರೂ ಅಡ್ಡ ಬರಲಿಲ್ಲ. ಎದುರಾಳಿಗಳು ದಾರಿ ಬಿಟ್ಟು ನಿಂತರು. ನನ್ನ ವೇಗಕ್ಕೆ ಬೆಚ್ಚಿರಬೇಕೆಂದುಕೊಂಡೆ. ನಮ್ಮವರು ಮಾತ್ರ ಹಿಂದಿನಿಂದ ಕಿರುಚುತ್ತಾ ಅಟ್ಟಿಸಿಕೊಂಡು ಬರುತ್ತಿದ್ದರು. ಕಂಬಗಳ ಹತ್ತಿರ ಹೋಗಿ ಕಣ್ಣು ಮುಚ್ಚಿ ಒದ್ದೆ. ನಡುಮಧ್ಯೆ! ಎರಡೂ ಕೈ ಎತ್ತಿದೆ. ಅಂಪೈರ್ ಒಂದೇ ಬೆರಳು ಎತ್ತಿದರು. ಪ್ರತಿ ಕ್ವಾರ್ಟರಿಗೂ ತಂಡಗಳು ತುದಿ ಬದಲಿಸುತ್ತವೆ ಎಂಬ ವಿಷಯ ನನಗೆ ತಿಳಿದದ್ದು ಆಗ. ನಮ್ಮದೇ ಕಂಬಗಳ ನಡುವೆ ಒದ್ದರೆ ಎದುರಾಳಿಗಳಿಗೆ ಒಂದು ಅಂಕ. ಅಷ್ಟು ದೊಡ್ಡ ತಪ್ಪಿಗೂ ಅವರು ಪೂರ್ತಿ ಆರು ಕೊಡುವುದಿಲ್ಲ!

ನಾಲ್ಕನೇ ಕ್ವಾರ್ಟರಿನ ನಡುವೆ ನೋಡಿದರೆ ಕೋಚ್ ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ಪೇಟವನ್ನು ಅದರ ಮೇಲಿಟ್ಟು, ಕಾರಿನ ಕಡೆ ನಡೆಯುತ್ತಿದ್ದರು. ಆಟ ಬಿಟ್ಟು ಕುಂಟುತ್ತಾ ಓಡಿದೆ. ಇನ್ನು ಹತ್ತು ನಿಮಿಷ ನಿಲ್ಲಿ ಎಂದು ಕೈಮುಗಿದೆ. ಇಂಥ ಹುಡುಗಿ ಸಿಗುವುದಿಲ್ಲ ಎಂದೆ.

ಅವರು ನೋಟ್‌ಬುಕ್ ತೆರೆದರು. "ಸರಿ, ನೀವೇ ಹೇಳಿ. ಯಾವ ಕಾಲಿನಿಂದ ಒದೆಯುತ್ತಾಳೆ?"

ಗೊತ್ತಿರಲಿಲ್ಲ.

"ಚೆಂಡು ಎದುರಾಳಿಗಳ ಕೈಯಲ್ಲಿದ್ದಾಗ ಎಲ್ಲಿ ಹೋಗಿ ನಿಲ್ಲುತ್ತಾಳೆ?"

ಅದೂ ಗೊತ್ತಿರಲಿಲ್ಲ. ಆಕೆ ಬಹಳ ನಂಬಿಕಸ್ತೆ ಎಂದೆ. ಹೊತ್ತಿಗೆ ಮೊದಲೇ ಬರುತ್ತಾಳೆ, ಕುರ್ಚಿಗಳ ಲೆಕ್ಕ ತಪ್ಪುವುದಿಲ್ಲ ಎಂದೆ. ಕೋಚ್ ಏನನ್ನೂ ಬರೆದುಕೊಳ್ಳಲಿಲ್ಲ. ನನಗೆ ನಾಚಿಕೆಯಾಯಿತು. ಒಂದು ವರ್ಷ ಗೆರೆಯ ಪಕ್ಕ ನಿಂತು ಒಂದು ಸಲವೂ ನಾನು ಆ ಹುಡುಗಿಯ ಆಟ ನೋಡಿರಲಿಲ್ಲ.

ಆಗ ಫ್ಲೇವಿಯಾಳ ಕಾರು ಬಂತು. ಡಾಕ್ಟರು ಭಾಷಣದ ಕಾಗದ ಹುಡುಕಲು ಒಳಗೆ ಹೋಗಿ ಇಪ್ಪತ್ತು ನಿಮಿಷ ಕಳೆದಿದ್ದರಂತೆ. ಬರುವಾಗ ಕೆಟ್ಟು ನಿಂತ ಮಟಾಟು ವ್ಯಾನು ಒಂದು ರಸ್ತೆಯನ್ನೇ ಮುಚ್ಚಿತ್ತಂತೆ. ಆಕೆ ಡಾಕ್ಟರ ಕೈಹಿಡಿದು ಇಳಿಸಿ, ನಮ್ಮಿಬ್ಬರನ್ನೂ ನೋಡದೆ ಸೀದಾ ಮೈದಾನಕ್ಕೆ ಓಡಿದಳು. ಉಳಿದಿದ್ದುದು ಆರು ನಿಮಿಷ. ಮೂವತ್ತನಾಲ್ಕು ಅಂಕ ಹಿಂದಿದ್ದೆವು.

ಕೋಚ್ ಕಾರಿನ ಬಾಗಿಲು ಹಿಡಿದು ಅಲ್ಲೇ ನಿಂತರು. ನಾನೂ ನಿಂತು, ಚೆಂಡನ್ನು ಬಿಟ್ಟು ಆ ಹುಡುಗಿಯನ್ನೇ ನೋಡಿದೆ. ಎಡಗಾಲು. ಆಕೆ ಎಡಗಾಲಿನಿಂದ ಒದೆಯುತ್ತಿದ್ದಳು. ಚೆಂಡು ಕೈತಪ್ಪಿದ ಕೂಡಲೇ ಎಲ್ಲರಿಗಿಂತ ಮೊದಲು ಹಿಂದಕ್ಕೆ ಓಡಿ ನಮ್ಮ ಕಂಬಗಳ ಮುಂದೆ ನಿಲ್ಲುತ್ತಿದ್ದಳು. ಬಿದ್ದವರ ನಡುವೆ ಕೈ ಹಾಕಿ ಚೆಂಡೆತ್ತಿ, ತಲೆ ಎತ್ತಿ ನೋಡಿ, ಬಿಡುವಿದ್ದವರಿಗೆ ದಾಟಿಸುತ್ತಿದ್ದಳು. ಎರಡು ಸಲ ರಘುವಿಗೆ ಚೆಂಡು ಹೋಯಿತು. ಎರಡು ಸಲವೂ ಆರು. ಜನ ರಘುವಿಗೆ ಚಪ್ಪಾಳೆ ತಟ್ಟಿದರು.

ಪಂದ್ಯ ಸೋತೆವು. ಕೋಚ್ ಆಕೆಯನ್ನು ಕರೆದು ನನ್ನೆದುರಿಗೇ ಹೇಳಿದರು. "ನಿನ್ನಂಥವಳು ಯಾವ ತಂಡಕ್ಕೂ ಬೇಕು. ಆದರೆ ನಾನು ನೋಡಿದ್ದು ಆರು ನಿಮಿಷ. ಮಿಕ್ಕವರದ್ದು ಪೂರ್ತಿ ಪಂದ್ಯ ನೋಡಿದ್ದೇನೆ. ಹೆಸರು ಇವತ್ತೇ ಕಳಿಸಬೇಕು. ಈ ಸಲ ನಿನಗೆ ಕೊಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. ಮಂಗಳವಾರದಿಂದ ನನ್ನ ಅಭ್ಯಾಸಕ್ಕೆ ಬಾ, ಮುಂದೆ ನೋಡೋಣ."

ಫ್ಲೇವಿಯಾ "ಥ್ಯಾಂಕ್ ಯೂ, ಕೋಚ್" ಎಂದಳು. ನನ್ನ ಕಡೆ ತಿರುಗಲಿಲ್ಲ. ನಾನು ಆಕೆಯ ಹೆಸರು ಹಿಡಿದು ಕರೆದು ತಪ್ಪಾಯಿತಮ್ಮಾ ಎಂದೆ. ಆಕೆಯ ಕಣ್ಣು ತುಂಬಿತ್ತು. "ಐ ಆಸ್ಕ್ಡ್ ಯೂ ಒನ್ ಥಿಂಗ್, ಅಂಕಲ್," ಎಂದು ಹೇಳಿ ಬೂಟು ಬಿಚ್ಚಲು ಕೂತಳು. ಅದಕ್ಕಿಂತ ಹೆಚ್ಚು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಾಕ್ಟರಿಗೆ ಅದೇ ಶಾಲು ಹೊದಿಸಿ, ಅವರ ಭಾಷಣ ಕೇಳಿದ್ದಾಯಿತು. ಕೊನೆಗೆ ಅಧ್ಯಕ್ಷರು ಸುತ್ತ ನೋಡಿ, "ಡಾಕ್ಟ್ರನ್ನ ಮನೆಗೆ ಬಿಡೋರು ಯಾರಪ್ಪಾ?" ಎಂದರು. ಎಲ್ಲರ ಕಣ್ಣೂ ಒಂದೇ ಕಡೆ ಹೋದವು. ನಾನು ಬೇಗ ಮುಂದೆ ಬಂದು ನಾನೇ ಬಿಡುತ್ತೇನೆ ಎಂದೆ.

ಹದಿನೈದು ನಿಮಿಷದ ದಾರಿ. ಒಂದು ಗಂಟೆಯಾದರೂ ಸೌತ್ ಬಿ ಬರಲಿಲ್ಲ. ಸುಮಾ ಪಕ್ಕದಲ್ಲಿ ಕೂತಿದ್ದಳು. ಹಿಂದಿನ ಸೀಟಿನಿಂದ ಡಾಕ್ಟರು ಬೇಸರದಿಂದ ಹೇಳಿದರು. "ಬರೋ ವರ್ಷ ಆ ಹುಡುಗೀನೇ ಕಳಿಸಪ್ಪಾ ಸತೀಶ. ಎಷ್ಟು ಚೆನ್ನಾಗಿ ಕರ್ಕೊಂಡು ಬಂದ್ಲು!"

"ಆಗಲ್ಲ ಸಾರ್," ಎಂದೆ. "ಅವಳಿಗೆ ಮ್ಯಾಚ್ ಇರತ್ತೆ."

ಬಹಳ ತಡವಾಗಿ ಬಂದ ಆ ಬುದ್ಧಿಗೆ ಹೆಂಡತಿ ಒಂದು ಮೆಚ್ಚುಗೆಯ ಮಾತಾದರೂ ಆಡುತ್ತಾಳೇನೋ ಎಂದು ಆಕೆಯ ಕಡೆ ತಿರುಗಿದೆ.

"ನನ್ನ ಮುಖ ಏನ್ ನೋಡ್ತೀರಾ? ಮುಂದೆ ನೋಡಿ," ಎಂದಳು ಸುಮಾ. ನೋಡಿದೆ. ಯಾವುದೋ ಗೋದಾಮಿನ ಮುಚ್ಚಿದ ಗೇಟು.