ಭಾವನ ಜೀಪು ಮತ್ತು ಹೊರ್ಮುಜ್ ಜಲಸಂಧಿ

ನಮ್ಮ ದೇಶಕ್ಕೆ ಕಚ್ಚಾ ತೈಲ ತರುವ ಹಡಗುಗಳನ್ನು ನೌಕಾಪಡೆ ಕಾಯುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಮಂಡೆಕೋಲು ಎಂಬ ಹಳ್ಳಿಯ ಮನೆ ಜಗಲಿಯಲ್ಲಿ ಕುಳಿತು ಅವನ್ನು ಕಾಯುತ್ತಿರುವವರು ನನ್ನ ಭಾವ! ಬೆಳಿಗ್ಗೆ ಆರಕ್ಕೇ ಫೋನು. ಹಲೋ ಇಲ್ಲ, ಕುಶಲ ವಿಚಾರಿಸುವ ಮಾತೂ ಇಲ್ಲ.

"ಹೊರ್ಮುಜ್ ಹೇಗುಂಟು ಮಾರಾಯ? ಹಡಗು ಬಿಡ್ತಾರಾ?"

ಸುಳ್ಯದಲ್ಲಿ ಪತ್ರಿಕೆ ಹಂಚುವ ನನಗೆ ಎಲ್ಲ ಮೊದಲೇ ತಿಳಿಯುತ್ತದೆಂದು ಅವರ ನಂಬಿಕೆ.

ಭಾವನಿಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸಿಗೆಂದು ಹಳೇ ಜೀಪಿನಲ್ಲಿ ಅವಳನ್ನು ಪುತ್ತೂರಿಗೆ ಕರೆದೊಯ್ಯಬೇಕು. ಒಂದು ಸಲ ತಪ್ಪಿದರೂ ಅಪಾಯ. ಜೀಪಿಗೆ ಡೀಸೆಲ್ ಬೇಕು, ಡೀಸೆಲಿಗೆ ಕಚ್ಚಾ ತೈಲ ಬೇಕು, ಅದರ ಬಹುಪಾಲು ಹೊರದೇಶದಿಂದಲೇ ಬರಬೇಕು. ಆ ಹಡಗುಗಳಲ್ಲಿ ಹಲವು ಹೊರ್ಮುಜ್ ಎಂಬ ಇಕ್ಕಟ್ಟಾದ ಕಡಲದಾರಿಯನ್ನು ಹಾದೇ ಬರಬೇಕು.

"ಮೇಲಿನ ತೋಟದವ ತೋಡಿಗೆ ಕಟ್ಟ ಹಾಕಿದ್ರೆ ಕೆಳಗಿನವನಿಗೆ ನೀರುಂಟಾ? ಹೊರ್ಮುಜ್ ಅಂದ್ರೆ ಅಷ್ಟೇ!" ಎನ್ನುತ್ತಾರೆ ಭಾವ. ಟಿ.ವಿ.ಯ ಯಾವ ಪಂಡಿತರೂ ಇಷ್ಟು ಸಲೀಸಾಗಿ ವಿವರಿಸಿದ್ದನ್ನು ನಾನು ಕೇಳಿಲ್ಲ.

ಕೊಲ್ಲಿಯಲ್ಲಿ ಗಲಾಟೆ ಎಂಬ ಸುದ್ದಿ ಬಂದ ದಿನವೇ ಅವರ ಉಳಿತಾಯ ಶುರು. ಪುತ್ತೂರಿನ ದಾರಿಯಲ್ಲಿ ಕುಂಬ್ರದ ಹತ್ತಿರ ಇಳಿಜಾರಿನಲ್ಲಿ ಎಂಜಿನ್ ಬಂದ್! ಜೀಪು ಜಾರಿಕೊಂಡು ಪೇಟೆ ತನಕ ಬಂತು, ನಿಂತಿತು, ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ಅಂಗಡಿಯವರೆಲ್ಲ ಬಂದು ದೂಡಿದರು.

"ನಿಮ್ಮ ಡೀಸೆಲ್ ಉಳಿಸ್ಲಿಕ್ಕೆ ಇವರು ಉಂಡ ಗಂಜಿಯೆಲ್ಲ ಖರ್ಚು!" ಎಂದಳು ಒಳಗಿದ್ದ ಅಕ್ಕ.

ಅಷ್ಟಕ್ಕೇ ಸುಮ್ಮನಾಗುವ ಜನವೇ ಭಾವ? ದೇವಸ್ಥಾನಕ್ಕೆ ಹೋಗಿ ಹೂವಿನ ಪೂಜೆಗೆ ಚೀಟಿ ಮಾಡಿಸಿದರು.

"ಯಾರ ಹೆಸರಲ್ಲಿ?" ಎಂದು ಕೇಳಿದರು ಚೀಟಿ ಬರೆಯುವವರು.

"ಎಣ್ಣೆ ಹಡಗು."

"ನಕ್ಷತ್ರ?"

"ಹಡಗಿನ ನಕ್ಷತ್ರ ನನಗೆ ಎಂತ ಗೊತ್ತುಂಟು ಮಾರಾಯ್ರೆ? ಹೊರಟ ದಿನದ್ದು ಹಾಕಿ!"

ಪ್ರಸಾದವನ್ನು ಭಾವನೇ ತಿಂದರು. ಹಡಗಿಗೆ ಮುಟ್ಟಿಸುವುದು ಹೇಗೆ, ಹೇಳಿ!

ಮೊನ್ನೆ ನಾನೂ ಜೊತೆಗಿದ್ದೆ. ದಾರಿಯ ಎರಡು ಬಂಕುಗಳಲ್ಲೂ 'ಡೀಸೆಲ್ ಇಲ್ಲ' ಎಂಬ ಬೋರ್ಡು. ಜೀಪಿನ ಡೀಸೆಲ್ ಮುಳ್ಳು ತಳ ಮುಟ್ಟಿತ್ತು. ಅಕ್ಕ ಮೆಲ್ಲನೆ ಹೇಳಿದಳು: "ಸಾಕು, ವಾಪಸ್ ಹೋಗುವ. ಇನ್ನೆಷ್ಟು ದಿನ ನನ್ನನ್ನು ಹೀಗೆ ಎಳ್ಕೊಂಡು ಹೋಗುದು?"

ಭಾವ ಜೀಪು ನಿಲ್ಲಿಸಲಿಲ್ಲ. "ಅಷ್ಟು ದೊಡ್ಡ ಹಡಗು ಕಡಲು ದಾಟಿ ಬರ್ತದೆ. ನಿನ್ನನ್ನು ಪುತ್ತೂರಿಗೆ ಮುಟ್ಟಿಸ್ಲಿಕ್ಕೆ ನನಗಾಗುದಿಲ್ವಾ? ಡೀಸೆಲ್ ಮುಗಿದಲ್ಲಿಂದ ಎತ್ತಿಕೊಂಡು ಹೋಗ್ತೇನೆ, ಸುಮ್ಮನೆ ಕೂತ್ಕೊ."

ಹೇಗೋ ಮುಟ್ಟಿದೆವು. ಅಕ್ಕನನ್ನು ಯಂತ್ರದ ಪಕ್ಕ ಮಲಗಿಸಿ ಹೊರಗೆ ಬಂದ ಭಾವ ನನ್ನ ಭುಜ ಹಿಡಿದು ಅತ್ತುಬಿಟ್ಟರು.

"ಹಡಗು ನಿಲ್ಲುದಕ್ಕೆ ನಾನು ಹೆದರುದಲ್ಲ ಮಾರಾಯ. ಅವಳು ಸಾಕು ಅಂತ ಹೇಳಿದ್ಲಲ್ಲ!"